ಕೊನೆಯ ಸ್ಲೈಡಿನಲ್ಲಿ ಉಳಿದ ಮಾತು

ತಿಪಟೂರಿನ ಕಡೆಯಿಂದ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಕೊಬ್ಬರಿ ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದವರು. ಅವರ ಮಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಅವನೂ ಇಬ್ಬರು ಗೆಳೆಯರೂ ಸೇರಿ ಒಂದು ಪುಟ್ಟ ಯಂತ್ರ ಮಾಡಿದ್ದಾರಂತೆ. ಅಟ್ಟದ ಮೇಲೆ ಒಣಗುತ್ತಿರುವ ತೆಂಗಿನಕಾಯಿಯನ್ನು ಒಡೆಯದೆ, ಅದರ ಮೇಲೆ ಮೆಲ್ಲಗೆ ಕುಟ್ಟಿ, ಹೊರಡುವ ಸದ್ದಿನಿಂದಲೇ ಒಳಗಿನ ಕೊಬ್ಬರಿ ಸರಿಯಿದೆಯೋ ಕೆಟ್ಟಿದೆಯೋ ಎಂದು ಹೇಳುವ ಯಂತ್ರ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಹೂಡಿಕೆದಾರರ ಮುಂದೆ ಹತ್ತು ನಿಮಿಷ ಮಾತನಾಡಲು ಹುಡುಗರಿಗೆ ಅವಕಾಶ ಸಿಕ್ಕಿದೆ. 'ಇದಕ್ಕೆ ಪಿಚ್ ಅಂತಾರಂತೆ. ನನಗೆ ಗೊತ್ತಿರೋದು ಕ್ರಿಕೆಟ್ಟಿನ ಪಿಚ್ ಒಂದೇ' ಎಂದು ಬರೆದಿದ್ದಾರೆ.

ಅವರ ಪ್ರಶ್ನೆಗಳು ಮೂರು. ಮಗನಿಗೆ ಇಂಗ್ಲಿಷ್ ಸರಾಗವಾಗಿ ಬಾರದು, ಏನು ಮಾಡುವುದು? ಹನ್ನೆರಡು ಸಾವಿರ ರೂಪಾಯಿಯ ಸೂಟು ಬೇಕೆಂದು ಹಟ ಹಿಡಿದಿದ್ದಾನೆ, ಕೊಡಿಸಬೇಕೆ? ಮೂರನೆಯದನ್ನು ಪತ್ರದ ಕೊನೆಯಲ್ಲಿ, ಸ್ವಲ್ಪ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ: ಬೆಂಗಳೂರಿನವರು ಒಪ್ಪದಿದ್ದರೆ ನೀವೇ ಐದು ಲಕ್ಷ ಕೊಡಿ ಅಪ್ಪ ಎನ್ನುತ್ತಿದ್ದಾನೆ, ಇರುವುದು ಮಗಳ ಓದಿಗೆಂದು ಎತ್ತಿಟ್ಟ ಹಣ, ಕೊಡಲೇ ಬೇಡವೇ?

ಈ ಅಂಕಣದಲ್ಲಿ ಸಾಮಾನ್ಯವಾಗಿ ಕೋರ್ಸುಗಳ ಬಗ್ಗೆ, ಪ್ರವೇಶ ಪರೀಕ್ಷೆಗಳ ಬಗ್ಗೆ ಬರೆಯುತ್ತೇನೆ. ಆದರೆ ಇತ್ತೀಚೆಗೆ ಬರುವ ಪತ್ರಗಳಲ್ಲಿ ಇಂಥವು ಹೆಚ್ಚುತ್ತಿವೆ. ಹಿಂದೆ 'ಮಗನಿಗೆ ಯಾವ ಕಂಪನಿಯಲ್ಲಿ ಕೆಲಸ ಸಿಕ್ಕೀತು' ಎಂದು ಕೇಳುತ್ತಿದ್ದ ತಂದೆತಾಯಿ ಈಗ 'ಮಗ ಕಂಪನಿಯನ್ನೇ ಮಾಡುತ್ತೇನೆ ಎನ್ನುತ್ತಾನಲ್ಲ' ಎಂದು ಗಾಬರಿಯಾಗಿದ್ದಾರೆ. ಆದ್ದರಿಂದ ಈ ವಾರ ಆ ಹತ್ತು ನಿಮಿಷಗಳ ಬಗ್ಗೆ, ಅದರಲ್ಲೂ ಮೊದಲ ಒಂದೆರಡು ನಿಮಿಷಗಳ ಬಗ್ಗೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನವರು ವಿದ್ಯಾರ್ಥಿಗಳ ಉದ್ಯಮ ಸ್ಪರ್ಧೆಗೆ ತೀರ್ಪುಗಾರರಲ್ಲಿ ಒಬ್ಬನಾಗಿ ನನ್ನನ್ನು ಕರೆದಿದ್ದರು. ಇಪ್ಪತ್ತು ತಂಡಗಳು, ತಂಡಕ್ಕೆ ಹತ್ತು ನಿಮಿಷ. ಗೆದ್ದ ತಂಡಕ್ಕೆ ಆರಂಭದ ಬಂಡವಾಳ. ಊಟವಾದ ಮೇಲೆ ಒಬ್ಬ ಹುಡುಗ ಬಂದ. ಪ್ರೊಜೆಕ್ಟರ್ ಕೈಕೊಟ್ಟಿತು. ಅದು ಸರಿಹೋಗುವವರೆಗೆ ಅವನು ಕೈಕಟ್ಟಿಕೊಂಡು ಸುಮ್ಮನೆ ನಿಂತ. ಸರಿಯಾದ ಮೇಲೆ ಪ್ರಾಂಶುಪಾಲರಿಗೆ, ವಿಭಾಗ ಮುಖ್ಯಸ್ಥರಿಗೆ, ಮಾರ್ಗದರ್ಶಕರಿಗೆ, ನಮಗೆಲ್ಲ ವಂದಿಸಿದ. 'ಐ ಆ್ಯಮ್ ಸಾರಿ ಫಾರ್ ಮೈ ಇಂಗ್ಲಿಷ್' ಎಂದ. ನೀರಿನ ಮಹತ್ವದ ಬಗ್ಗೆ ಎರಡು ಸ್ಲೈಡು, ಭಾರತದ ಜನಸಂಖ್ಯೆಯ ಬಗ್ಗೆ ಒಂದು, ಡಿಜಿಟಲ್ ಕ್ರಾಂತಿಯ ಬಗ್ಗೆ ಮತ್ತೊಂದು. ಆರು ನಿಮಿಷ ಕಳೆದಿತ್ತು. ಅವನು ಮಾಡಿದ್ದೇನು ಎಂಬುದು ತಿಳಿಯುವಷ್ಟರಲ್ಲಿ ನಾನು ಅಂಕ ಬರೆದಾಗಿತ್ತು. ಹತ್ತಕ್ಕೆ ಮೂರು. ಮನೆಮನೆಗೆ ನೀರಿನ ಕ್ಯಾನ್ ಹಾಕುವವರು ಲೆಕ್ಕ ಇಟ್ಟುಕೊಳ್ಳಲು ಅವನೊಂದು ಆ್ಯಪ್ ಮಾಡಿದ್ದ. ಅದನ್ನು ತೋರಿಸುವ ಮುನ್ನವೇ ಗಂಟೆ ಬಾರಿಸಿತು.

ಸಂಜೆ ಬಸ್ ನಿಲ್ದಾಣದಲ್ಲಿ ಅದೇ ಹುಡುಗ ಸಿಕ್ಕ. ಮಾತಿಗೆ ಮಾತು ಬಂತು. ಮೂರು ಜನ ಕ್ಯಾನ್ ವ್ಯಾಪಾರಿಗಳು ಆಗಲೇ ಅವನ ಆ್ಯಪ್ ಬಳಸುತ್ತಿದ್ದರು, ತಿಂಗಳಿಗೆ ಮುನ್ನೂರು ರೂಪಾಯಿ ಕೊಡುತ್ತಿದ್ದರು! ಅಂದು ಬಂದಿದ್ದ ಇಪ್ಪತ್ತು ತಂಡಗಳಲ್ಲಿ ಒಂದು ರೂಪಾಯಿಯನ್ನಾದರೂ ಗಳಿಸಿದ್ದು ಅವನೊಬ್ಬನೇ ಇರಬೇಕು. 'ಅದನ್ನು ಯಾಕಪ್ಪ ಹೇಳಲಿಲ್ಲ?' ಎಂದೆ. 'ಕೊನೇ ಸ್ಲೈಡಲ್ಲಿತ್ತು ಸಾರ್' ಎಂದ.

ಫಲಿತಾಂಶ ಆಗಲೇ ಪ್ರಕಟವಾಗಿತ್ತು. ಹತ್ತು ನಿಮಿಷ ತಾಳ್ಮೆಯಿಂದ ಕೇಳುವುದು ನನ್ನ ಕೆಲಸವಾಗಿತ್ತು, ಅದನ್ನು ನಾನು ಮಾಡಲಿಲ್ಲ. ಆದರೆ ನನ್ನಂಥ ತೀರ್ಪುಗಾರರೇ ಎಲ್ಲ ಕಡೆ ಕುಳಿತಿರುತ್ತಾರೆ ಎಂಬುದನ್ನೂ ಹುಡುಗರು ತಿಳಿದಿರಬೇಕು.

ಮನುಷ್ಯರು ಎಷ್ಟು ಬೇಗ ತೀರ್ಮಾನಕ್ಕೆ ಬರುತ್ತಾರೆ ಎಂಬುದರ ಬಗ್ಗೆ ಒಂದು ಪ್ರಸಿದ್ಧ ಅಧ್ಯಯನವಿದೆ. ಕೋಲ್ಕತ್ತದಲ್ಲಿ ಹುಟ್ಟಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞೆಯಾಗಿದ್ದ ನಳಿನಿ ಅಂಬಾಡಿ, ರಾಬರ್ಟ್ ರೋಸೆಂಥಾಲ್ ಜತೆಗೂಡಿ 1993ರಲ್ಲಿ ಪ್ರಕಟಿಸಿದ್ದು. ಅಧ್ಯಾಪಕರು ಪಾಠ ಮಾಡುತ್ತಿರುವ ಅರ್ಧ ನಿಮಿಷಕ್ಕೂ ಚಿಕ್ಕದಾದ ವಿಡಿಯೊ ತುಣುಕುಗಳನ್ನು, ಅದೂ ಧ್ವನಿಯಿಲ್ಲದೆ, ಅಪರಿಚಿತರಿಗೆ ತೋರಿಸಿದರು. ಅವರು ಕೊಟ್ಟ ಅಂಕಗಳು, ಇಡೀ ಅವಧಿ ಪಾಠ ಕೇಳಿದ ವಿದ್ಯಾರ್ಥಿಗಳು ಕೊನೆಯಲ್ಲಿ ಕೊಟ್ಟ ಅಂಕಗಳಿಗೆ ಬಹಳ ಮಟ್ಟಿಗೆ ಹೊಂದಿದವು. ಮೊದಲ ನೋಟವೇ ಸತ್ಯ ಎಂದು ಇದರಿಂದ ಅರ್ಥ ಮಾಡಿಕೊಳ್ಳುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ವಿದ್ಯಾರ್ಥಿಗಳು ಮೊದಲ ದಿನ ಕಟ್ಟಿಕೊಂಡ ಅಭಿಪ್ರಾಯವನ್ನು ಕೊನೆಯ ದಿನದವರೆಗೂ ಬದಲಿಸಲಿಲ್ಲ ಎಂದೂ ಅದನ್ನು ಓದಬಹುದಲ್ಲ!

ಇರಲಿ. ತಿಪಟೂರಿನ ಹುಡುಗ ಏನು ಮಾಡಬೇಕು?

ಅವನು ಸಿದ್ಧಪಡಿಸಿರುವ ಮೊದಲ ವಾಕ್ಯವನ್ನು ತಂದೆ ಪತ್ರದಲ್ಲೇ ಬರೆದು ಕಳಿಸಿದ್ದಾರೆ. 'ನಮ್ಮದು ಕೃತಕ ಬುದ್ಧಿಮತ್ತೆ ಆಧಾರಿತ, ಮುಂದಿನ ಪೀಳಿಗೆಯ ಅಗ್ರಿಟೆಕ್ ಪ್ಲಾಟ್‌ಫಾರ್ಮ್.' ಇದನ್ನು ಕೇಳಿದ ಹೂಡಿಕೆದಾರನಿಗೆ ಏನೂ ಗೊತ್ತಾಗುವುದಿಲ್ಲ. ಅಂಥ ವಾಕ್ಯವನ್ನು ಅವನು ಬೆಳಿಗ್ಗೆಯಿಂದ ಹತ್ತು ಸಲ ಕೇಳಿರುತ್ತಾನೆ. ಅದರ ಬದಲು ಹೀಗೆ ಆರಂಭಿಸಿದರೆ? 'ತೆಂಗಿನಕಾಯಿ ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಒಳಗೆ ಏನಾಗಿದೆ ಎಂದು ತಿಳಿಯಲು ರೈತ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ನಮ್ಮ ಯಂತ್ರ ಆ ಕಿವಿಯ ಕೆಲಸ ಮಾಡುತ್ತದೆ.' ಮೂರೇ ವಾಕ್ಯ. ಯಾರ ಕಷ್ಟ, ಈಗ ಅವರು ಏನು ಮಾಡುತ್ತಿದ್ದಾರೆ, ನೀವೇನು ಮಾಡುತ್ತೀರಿ ಎಲ್ಲವೂ ಬಂದವು. ತಿಪಟೂರನ್ನು ಕಾಣದವನಿಗೂ ಅಟ್ಟ ಕಣ್ಣ ಮುಂದೆ ಬಂತು.

ಆಮೇಲೆ ಮಾತು ನಿಲ್ಲಿಸಿ ಚೀಲದಿಂದ ಎರಡು ಕಾಯಿ ತೆಗೆಯಬೇಕು. ಒಂದು ಒಳ್ಳೆಯದು, ಒಂದು ಕೆಟ್ಟದ್ದು. ಯಾವುದು ಯಾವುದೆಂದು ಎದುರಿಗಿದ್ದವರನ್ನೇ ಊಹಿಸಲು ಹೇಳಿ, ಯಂತ್ರದಿಂದ ಕುಟ್ಟಿಸಿ, ಬಳಿಕ ಅಲ್ಲೇ ಒಡೆದು ತೋರಿಸಬೇಕು. ಇದಕ್ಕಿಂತ ಒಳ್ಳೆಯ ಸ್ಲೈಡು ಇನ್ನೊಂದಿಲ್ಲ. ಪ್ರೊಜೆಕ್ಟರ್ ಕೆಟ್ಟರೂ ತೆಂಗಿನಕಾಯಿ ಕೆಡುವುದಿಲ್ಲ. (ಕೆಟ್ಟದ್ದು ಆಗಲೇ ಕೆಟ್ಟಿದೆ.)

ಗೂಗಲ್ ಕಂಪನಿಗೆ ಮೊದಲ ದೊಡ್ಡ ಹಣ ಬಂದದ್ದೂ ಹೆಚ್ಚುಕಡಿಮೆ ಹೀಗೆಯೇ. 1998ರ ಆಗಸ್ಟಿನಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಎಂಬ ಇಬ್ಬರು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು, ತಮ್ಮ ಪ್ರಾಧ್ಯಾಪಕ ಡೇವಿಡ್ ಚೆರಿಟನ್ ಅವರ ಮನೆಯ ಜಗಲಿಯಲ್ಲಿ, ಸನ್ ಮೈಕ್ರೋಸಿಸ್ಟಮ್ಸ್ ಸ್ಥಾಪಕರಲ್ಲೊಬ್ಬರಾದ ಆ್ಯಂಡಿ ಬೆಕ್ಟೋಲ್‌ಶೈಮ್ ಅವರನ್ನು ಭೇಟಿಯಾದರು. ತಾವು ಮಾಡಿದ ಹುಡುಕುಯಂತ್ರವನ್ನು ನಡೆಸಿ ತೋರಿಸಿದರು. ಬೆಕ್ಟೋಲ್‌ಶೈಮ್ ಅವರಿಗೆ ಬೇರೆಡೆ ಹೋಗುವ ಅವಸರ. ಒಂದು ಲಕ್ಷ ಡಾಲರಿನ ಚೆಕ್ ಬರೆದುಕೊಟ್ಟು ಹೋದರು. 'ಗೂಗಲ್ ಇನ್‌ಕಾರ್ಪೊರೇಟೆಡ್' ಎಂಬ ಹೆಸರಿಗೆ ಬರೆದ ಚೆಕ್ಕು, ಆ ಹೆಸರಿನ ಕಂಪನಿ ಆಗಿನ್ನೂ ನೋಂದಣಿಯೇ ಆಗಿರಲಿಲ್ಲ! ಆಗುವವರೆಗೆ ಚೆಕ್ಕು ಮೇಜಿನ ಡ್ರಾಯರಿನಲ್ಲೇ ಇತ್ತು. ಅವರು ಒಪ್ಪಿದ್ದು ಹುಡುಗರ ಮಾತಿಗಲ್ಲ, ಕೆಲಸ ಮಾಡುತ್ತಿದ್ದ ವಸ್ತುವಿಗೆ. ಹಾಗೆಂದು ಎಲ್ಲರಿಗೂ ಜಗಲಿಯಲ್ಲೇ ಚೆಕ್ಕು ಸಿಗುತ್ತದೆ ಎಂದುಕೊಳ್ಳಬೇಡಿ. ಟೀವಿಯ 'ಶಾರ್ಕ್ ಟ್ಯಾಂಕ್' ನೋಡಿ ಹುಡುಗರು ಹಾಗೆಯೇ ನಂಬಿದ್ದಾರೆ. ನಿಜವಾದ ವ್ಯವಹಾರದಲ್ಲಿ ಮೊದಲ ಭೇಟಿಯಿಂದ ಸಿಗುವ ಅತಿ ದೊಡ್ಡ ಲಾಭ ಎಂದರೆ ಎರಡನೆಯ ಭೇಟಿ. ಹಣ ಕೈಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ.

ಸ್ಲೈಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ್ಯಪಲ್ ಕಂಪನಿಯಲ್ಲಿದ್ದು ಬಳಿಕ ಹೂಡಿಕೆದಾರರಾದ ಗೈ ಕಾವಾಸಾಕಿ ಹೇಳಿದ ಒಂದು ಸೂತ್ರವಿದೆ: ಹತ್ತು ಸ್ಲೈಡು, ಇಪ್ಪತ್ತು ನಿಮಿಷ, ಮೂವತ್ತು ಪಾಯಿಂಟಿಗಿಂತ ಚಿಕ್ಕದಲ್ಲದ ಅಕ್ಷರ. ಹತ್ತೇ ನಿಮಿಷ ಇರುವವರು ಐದಾರು ಸ್ಲೈಡಿಗೆ ನಿಲ್ಲಿಸಿ, ವಂದನೆಯ ಸ್ಲೈಡನ್ನು ಕಿತ್ತುಹಾಕಿ. ವಂದನೆ ಬಾಯಲ್ಲಿ ಸಾಕು.

ಅಂಕಿ ಅಂಶಗಳ ವಿಷಯ ಬಂದಾಗ ನಮ್ಮ ಹುಡುಗರು ಒಂದು ಲೆಕ್ಕ ಹೇಳುವುದುಂಟು. 'ರಾಜ್ಯದಲ್ಲಿ ಇಷ್ಟು ಲಕ್ಷ ತೆಂಗು ಬೆಳೆಗಾರರಿದ್ದಾರೆ, ನೂರಕ್ಕೆ ಒಬ್ಬರು ಕೊಂಡರೂ ಇಷ್ಟು ಕೋಟಿ.' ಆ ಒಬ್ಬ ಯಾಕೆ ಕೊಳ್ಳುತ್ತಾನೆ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ. ಕೇಳುವವರಿಗೆ ಅದು ಗೊತ್ತು. 'ನಮ್ಮ ಊರಿನ ಹದಿನೈದು ಅಟ್ಟಗಳಲ್ಲಿ ಪರೀಕ್ಷಿಸಿದೆವು, ನೂರು ಕಾಯಿಯಲ್ಲಿ ಎಷ್ಟು ಸರಿಯಾಗಿ ಹೇಳಿತು, ಎಷ್ಟು ತಪ್ಪಿತು, ಎಷ್ಟು ಜನ ದುಡ್ಡು ಕೊಟ್ಟು ಕೊಳ್ಳುತ್ತೇವೆ ಎಂದರು' ಎಂಬ ಸಣ್ಣ ಲೆಕ್ಕವೇ ಮೇಲು. ತಪ್ಪಿದ್ದನ್ನೂ ಹೇಳಿ. ಎಲ್ಲವೂ ಸರಿ ಎನ್ನುವವನ ಮೇಲೆ ಯಾರಿಗೂ ನಂಬಿಕೆ ಹುಟ್ಟುವುದಿಲ್ಲ.

ಎಷ್ಟು ಹಣ ಬೇಕು, ಅದಕ್ಕೆ ಎಷ್ಟು ಪಾಲು ಕೊಡುತ್ತೀರಿ ಎಂದು ಕೇಳಿದಾಗ ತಡವರಿಸಬಾರದು. ಶೇಕಡಾ 10ರ ಪಾಲಿಗೆ 20 ಲಕ್ಷ ಕೇಳಿದರೆ, ಹಣ ಬಂದ ಮೇಲೆ ನಿಮ್ಮ ಕಂಪನಿಯ ಬೆಲೆ 2 ಕೋಟಿ ಎಂದಂತೆ. ಅಂದರೆ ಹಣ ಬರುವ ಮುನ್ನ, ಇಂದು, ಹಾಸ್ಟೆಲಿನ ಕೋಣೆಯಲ್ಲಿರುವ ಆ ಯಂತ್ರ ಮತ್ತು ಮೂವರು ಹುಡುಗರ ಬೆಲೆ 1 ಕೋಟಿ 80 ಲಕ್ಷ ಎಂದು ನೀವೇ ಹೇಳುತ್ತಿದ್ದೀರಿ. ಹಾಗೆ ಹೇಳುವ ಮುನ್ನ ಒಮ್ಮೆ ಕನ್ನಡಿ ನೋಡಿಕೊಳ್ಳುವುದು ಒಳ್ಳೆಯದು. ಆ 20 ಲಕ್ಷ ಎಲ್ಲೆಲ್ಲಿ ಖರ್ಚಾಗುತ್ತದೆ, ಎಷ್ಟು ತಿಂಗಳು ಬರುತ್ತದೆ, ಮುಗಿಯುವಷ್ಟರಲ್ಲಿ ಏನು ಸಾಧಿಸಿರುತ್ತೀರಿ ಎಂಬ ಮೂರೂ ಬಾಯಿಗೆ ಬರಬೇಕು. ಗೊತ್ತಿಲ್ಲದ ಪ್ರಶ್ನೆ ಬಂದರೆ 'ಗೊತ್ತಿಲ್ಲ, ತಿಳಿದುಕೊಂಡು ಶುಕ್ರವಾರದೊಳಗೆ ಬರೆಯುತ್ತೇನೆ' ಎನ್ನಿ. ಶುಕ್ರವಾರದೊಳಗೆ ಬರೆಯಿರಿ. ಹಾಗೆ ಬರೆಯುವವರು ಎಷ್ಟು ಕಡಿಮೆ ಎಂದರೆ, ಬರೆದ ಹುಡುಗ ತಾನಾಗಿ ನೆನಪಿನಲ್ಲಿ ಉಳಿಯುತ್ತಾನೆ.

ಹೆಣ್ಣುಮಕ್ಕಳ ತಂದೆತಾಯಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದೇ ಉದ್ಯಮದ ವಿವರಣೆಯನ್ನು ಒಮ್ಮೆ ಗಂಡಿನ ದನಿಯಲ್ಲಿ, ಒಮ್ಮೆ ಹೆಣ್ಣಿನ ದನಿಯಲ್ಲಿ ಓದಿಸಿ ಕೇಳಿಸಿದರು. ಮಾತು ಅದೇ. ಆದರೂ ಸುಮಾರು ಶೇಕಡಾ 68 ಮಂದಿ ಆರಿಸಿದ್ದು ಗಂಡು ದನಿಯ ಉದ್ಯಮವನ್ನು. ಇದು ಹುಡುಗಿಯರ ತಯಾರಿಯ ದೋಷವಲ್ಲ, ಕೇಳುವವರ ಕಿವಿಯ ದೋಷ. ನಮ್ಮಲ್ಲೂ ಇದು ಹೊಸದೇನಲ್ಲ. ಆಸ್ಟ್ರೇಲಿಯದ ಬ್ಯಾಲರಾಟ್‌ನಲ್ಲಿ ಬಿಯರ್ ತಯಾರಿಕೆಯ ತಾಂತ್ರಿಕ ಶಿಕ್ಷಣ ಪಡೆದು ಬಂದ ಕಿರಣ್ ಮಜುಂದಾರ್ ಅವರಿಗೆ ಇಲ್ಲಿನ ಬಿಯರ್ ಕಾರ್ಖಾನೆಗಳು ಕೆಲಸ ಕೊಡಲಿಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದೊಂದಿಗೆ ಅವರು ಬಯೋಕಾನ್ ಆರಂಭಿಸಿದಾಗ ವಯಸ್ಸು 25. ಪರಂಗಿಯಿಂದ ಕಿಣ್ವ ತೆಗೆಯುವ ಉದ್ಯಮ ಎಂದರೆ ಬ್ಯಾಂಕಿನವರಿಗೆ ಅರ್ಥವಾಗುತ್ತಿರಲಿಲ್ಲ, ಎದುರಿಗೆ ಕುಳಿತವಳು ಚಿಕ್ಕ ವಯಸ್ಸಿನ ಹೆಣ್ಣು ಎಂಬುದು ಮಾತ್ರ ಅರ್ಥವಾಗುತ್ತಿತ್ತು. ಸಾಲಕ್ಕಾಗಿ ಅವರು ಬಹಳ ಅಲೆಯಬೇಕಾಯಿತು. ಹೂಡಿಕೆದಾರರ ಮೊದಲ ನೋಟಕ್ಕೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಬೇಕು ಎಂಬುದಕ್ಕೆ ಇದನ್ನು ಹೇಳಿದೆ.

ಇನ್ನೂ ಒಂದು ಉದಾಹರಣೆ. 2008ರಲ್ಲಿ ಬ್ರಯನ್ ಚೆಸ್ಕಿ ಮತ್ತು ಗೆಳೆಯರು, ಮನೆಯ ಖಾಲಿ ಕೋಣೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಿಸುವ ತಮ್ಮ ಉದ್ಯಮಕ್ಕೆ ಒಂದೂವರೆ ಲಕ್ಷ ಡಾಲರ್ ಹುಡುಕುತ್ತಿದ್ದರು. ಪರಿಚಯವಾದ ಏಳು ಹೂಡಿಕೆದಾರರಲ್ಲಿ ಐವರು ಬೇಡವೆಂದು ಬರೆದರು, ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಹುಡುಗರು ಹೊಟ್ಟೆಪಾಡಿಗೆ ಏನು ಮಾಡಿದರು ಗೊತ್ತೇ? ಅದು ಅಧ್ಯಕ್ಷ ಚುನಾವಣೆಯ ವರ್ಷ. ಒಬಾಮಾ ಮತ್ತು ಮೆಕೇನ್ ಹೆಸರಿನಲ್ಲಿ ಬೆಳಗಿನ ತಿಂಡಿಯ ಸೀರಿಯಲ್ ಡಬ್ಬಿ ಮಾಡಿ, ಒಂದಕ್ಕೆ 40 ಡಾಲರಿನಂತೆ ಮಾರಿ, ಸುಮಾರು 30 ಸಾವಿರ ಡಾಲರ್ ಸಂಪಾದಿಸಿದರು. ಮುಂದೆ ಅವರ ಸಂದರ್ಶನ ನಡೆಸಿದ ವೈ ಕಾಂಬಿನೇಟರ್ ಸಂಸ್ಥೆಯ ಪಾಲ್ ಗ್ರಹಾಂ ಅವರಿಗೆ ಕೋಣೆ ಬಾಡಿಗೆಯ ಯೋಜನೆ ಹಿಡಿಸಿರಲಿಲ್ಲ. ಮನಸ್ಸು ಬದಲಿಸಿದ್ದು ಆ ಡಬ್ಬಿ. ಇಷ್ಟು ಬೆಲೆಗೆ ಸೀರಿಯಲ್ ಮಾರಬಲ್ಲವರು ಸುಲಭಕ್ಕೆ ಸಾಯುವವರಲ್ಲ ಎಂದುಕೊಂಡರಂತೆ. ಆ ಕಂಪನಿಯೇ ಏರ್‌ಬಿಎನ್‌ಬಿ.

ತದ್ವಿರುದ್ಧವಾದ ಕಥೆಯೂ ಇದೆ. ಎಲಿಜಬೆತ್ ಹೋಮ್ಸ್ ಅವರ ಥೆರಾನೋಸ್ ಕಂಪನಿ ಹುಟ್ಟಿದ್ದು 2003ರಲ್ಲಿ. ಕಪ್ಪು ಉಡುಪು, ಗಂಭೀರ ದನಿ, ನೆಟ್ಟ ನೋಟ. ಮೊದಲ ಭೇಟಿಯಲ್ಲಿ ಬೀಳದವರೇ ಕಡಿಮೆ. ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ಹತ್ತಾರು ಪರೀಕ್ಷೆ ಮಾಡುತ್ತೇವೆ ಎಂದ ಆ ಕಂಪನಿಯ ಬೆಲೆ ಒಂದು ಕಾಲಕ್ಕೆ 900 ಕೋಟಿ ಡಾಲರಿಗೆ ಏರಿತ್ತು. ಯಂತ್ರ ಹೇಳಿದಂತೆ ಕೆಲಸ ಮಾಡುತ್ತಿರಲಿಲ್ಲ. 2015ರಲ್ಲಿ ಪತ್ರಿಕೆಯೊಂದು ಬಯಲಿಗೆಳೆಯಿತು, 2022ರಲ್ಲಿ ನ್ಯಾಯಾಲಯ ಹೂಡಿಕೆದಾರರಿಗೆ ವಂಚಿಸಿದ ಅಪರಾಧಕ್ಕೆ ಹನ್ನೊಂದು ವರ್ಷಕ್ಕೂ ಹೆಚ್ಚಿನ ಸೆರೆಮನೆ ವಾಸ ವಿಧಿಸಿತು. ಹುಡುಗರು ಯಂತ್ರದ ನಿಖರತೆಯನ್ನು 'ಸ್ವಲ್ಪ' ಹೆಚ್ಚಿಸಿ ಹೇಳೋಣ ಎಂದು ಮಾತಾಡಿಕೊಳ್ಳುತ್ತಿದ್ದರೆ, ತಂದೆಯವರು ಇದನ್ನು ಓದಿಹೇಳಬಹುದು.

ಈಗ ಇಂಗ್ಲಿಷಿನ ಪ್ರಶ್ನೆ. ಸಮಿತಿಯಲ್ಲಿ ಕನ್ನಡ ಬಲ್ಲವರಿದ್ದಾರೆಯೇ, ಕನ್ನಡದಲ್ಲಿ ಮಾತನಾಡಬಹುದೇ ಎಂದು ಸಂಘಟಕರನ್ನು ಮೊದಲೇ ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಇಂಗ್ಲಿಷೇ ಆಗಬೇಕೆಂದರೆ ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ ಮಾತನಾಡಲಿ. ಇಡೀ ಭಾಷಣ ಬಾಯಿಪಾಠ ಮಾಡಿದರೆ ನಡುವೆ ಒಂದು ಪ್ರಶ್ನೆ ಬಂದ ಕೂಡಲೇ ಎಲ್ಲ ಮರೆತುಹೋಗುತ್ತದೆ. ಮೊದಲ ಮೂರು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಮಾತ್ರ ಕಂಠಸ್ಥವಾಗಿರಲಿ. ಮೂವರಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವವನು ಮಾತನಾಡಲಿ ಎಂಬ ಸಲಹೆ ಬರಬಹುದು. ನಾನು ಒಪ್ಪುವುದಿಲ್ಲ. ಯಂತ್ರವನ್ನು ಚೆನ್ನಾಗಿ ಬಲ್ಲವನು ಮಾತನಾಡಲಿ. ಭಾಷೆಗಾಗಿ ಕ್ಷಮೆ ಮಾತ್ರ ಕೇಳುವುದು ಬೇಡ. ನೀರಿನ ಕ್ಯಾನಿನ ಹುಡುಗ ಕ್ಷಮೆ ಕೇಳುವವರೆಗೆ ಅವನ ಇಂಗ್ಲಿಷನ್ನು ನಾನು ಗಮನಿಸಿಯೇ ಇರಲಿಲ್ಲ.

ಇನ್ನು ಐದು ಲಕ್ಷದ ಪ್ರಶ್ನೆ. ಮಾನ್ಯರೇ, ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೊಂದು ಸಂಶಯ ಬಂದಿದೆ. ಕಾಯಿ ಕೆಟ್ಟಿದೆ ಎಂದು ಯಂತ್ರ ಹೇಳಿತು ಎಂದುಕೊಳ್ಳಿ. ರೈತ ಏನು ಮಾಡುತ್ತಾನೆ? ಕೆಟ್ಟದ್ದು ಕೆಟ್ಟೇ ಹೋಗಿದೆಯಲ್ಲ. ಮೊದಲೇ ತಿಳಿದದ್ದರಿಂದ ಅವನಿಗೆ ಎಷ್ಟು ರೂಪಾಯಿ ಉಳಿಯಿತು? ಯಂತ್ರದಿಂದ ಲಾಭ ರೈತನಿಗೋ, ವರ್ತಕನಿಗೋ? ಯಾರು ದುಡ್ಡು ಕೊಡುತ್ತಾರೆ? ಬೆಂಗಳೂರಿನಲ್ಲಿ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಇದಕ್ಕೆ ಉತ್ತರ ಕಾಲೇಜಿನ ಗ್ರಂಥಾಲಯದಲ್ಲಿಲ್ಲ. ಮೂವತ್ತು ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಹಿಡಿದು ನೋಡಿದ ನಿಮ್ಮಲ್ಲಿದೆ. ನಾಲ್ಕು ಪುಟಗಳಲ್ಲಿ ಎಲ್ಲಿಯೂ, ಮಗ ಇದನ್ನು ನಿಮ್ಮ ಬಳಿ ಕೇಳಿದ ಎಂದು ನೀವು ಬರೆದಿಲ್ಲ. ನೀವಾಗಿ ಹೇಳಿದಿರಿ ಎಂದೂ ಬರೆದಿಲ್ಲ.

ಆದ್ದರಿಂದ ಹೀಗೆ ಮಾಡಿ. ಬರುವ ಭಾನುವಾರ ಮೂವರು ಹುಡುಗರನ್ನೂ ಮನೆಗೆ ಕರೆಸಿ. ನಿಮ್ಮ ಜತೆ ಮಂಡಿಯ ಇಬ್ಬರು ಹಳೆಯ ಸ್ನೇಹಿತರೂ ಕೂತಿರಲಿ, ಮಗಳೂ ಇರಲಿ, ಹಣ ಅವಳದ್ದು ತಾನೇ. ಗಡಿಯಾರ ಇಟ್ಟು ಹತ್ತು ನಿಮಿಷ ಕೊಡಿ. ನಡುವೆ ಮಾತಾಡಬೇಡಿ. ಆಮೇಲೆ ಮಂಡಿಯಲ್ಲಿ ಕೇಳುವಂತೆ ಕೇಳಿ, ಮಗ ಎಂಬ ದಾಕ್ಷಿಣ್ಯ ಬೇಡ. ಉತ್ತರ ಸಮಾಧಾನವಾದರೂ ಐದು ಲಕ್ಷವನ್ನು ಒಮ್ಮೆಗೇ ಕೊಡಬೇಡಿ. ಅನುಭವಸ್ಥ ಹೂಡಿಕೆದಾರರೂ ಎಷ್ಟೋ ಸಲ ಕಂತಿನಲ್ಲೇ ಕೊಡುತ್ತಾರೆ. ಮೊದಲು ಇನ್ನೂ ಎರಡು ಯಂತ್ರ ಮಾಡಲು ಎಷ್ಟು ಬೇಕೋ ಅಷ್ಟು, ಹೋದರೂ ಮಗಳ ಫೀಸಿಗೆ ತೊಂದರೆಯಾಗದಷ್ಟು. ಆ ಎರಡು ಯಂತ್ರವನ್ನು ಯಾರಾದರೂ ದುಡ್ಡು ಕೊಟ್ಟು ಕೊಂಡರೆ ಮುಂದಿನ ಮಾತು. ಪಾಲಿನ ಆಸೆಯಿಲ್ಲದ ಹಣವೂ ಉಂಟು. ರಾಜ್ಯ ಸರ್ಕಾರ 2017ರಲ್ಲಿ ಆರಂಭಿಸಿದ 'ಎಲಿವೇಟ್' ಯೋಜನೆಯಲ್ಲಿ ಆಯ್ಕೆಯಾದ ನವೋದ್ಯಮಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಅಲ್ಲಿಯೂ ಸಮಿತಿಯ ಮುಂದೆ ನಿಲ್ಲಬೇಕು, ಅಲ್ಲಿಯೂ ಇದೇ ಪ್ರಶ್ನೆ.

ಸೂಟಿನ ವಿಷಯ ಮರೆತೇಬಿಟ್ಟಿದ್ದೆ. ಬೇಡ. ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಒಪ್ಪುವ ಹಳೆಯ ಬೂಟು ಸಾಕು. ಹೊಸ ಬೂಟು ಕಚ್ಚುತ್ತದೆ. ಬೆಂಗಳೂರಿಗೆ ಹಿಂದಿನ ದಿನವೇ ಹೋಗಿ ತಂಗಲಿ. ಎರಡು ಕಾಯಿಯ ಬದಲು ನಾಲ್ಕು ಒಯ್ಯಲಿ, ಬಸ್ಸಿನಲ್ಲಿ ಒಂದು ಒಡೆದರೂ ಇನ್ನೊಂದು ಇರುತ್ತದೆ.